ಮೂರು ಬಾಯಿಯ ಹರಕೆ

"ಈ ಮಗುವನ್ನ ಉಳಿಸಿಕೊಡು ತಾಯಿ. ನನ್ನ ಬಾಯಿಗೆ, ಇವಳ ಅಮ್ಮನ ಬಾಯಿಗೆ, ಇವಳ ಬಾಯಿಗೆ, ಮೂರು ಬಾಯಿಗೂ ಬದುಕಿರೋ ತನಕ ದನದ ಮಾಂಸ ಸೋಕಲ್ಲ" ಎಂದು ಅಪ್ಪ ಕುವಾನ್ ಇಮ್ ದೇವಿಯ ಮುಂದೆ ಮಾತು ಕೊಟ್ಟಾಗ ಲಮ್ದುವನ್‌ಗೆ ಆರು ವರ್ಷ. ಜ್ವರ ಹಿಡಿದು ಅದು ಒಂಬತ್ತನೆಯ ದಿನ. ಪಾಕ್‌ನಾಂಫೋದಲ್ಲಿ ಎರಡು ಹೊಳೆ ಕೂಡುವ ಕಡೆ ದಡದ ಮೇಲಿರುವ ಗುಡಿಯ ತಣ್ಣನೆಯ ನೆಲ, ಅಪ್ಪನ ಹೆಗಲಿನ ಬೆವರು, ಊದುಬತ್ತಿಯ ಹೊಗೆ ಕಣ್ಣಿಗೆ ಹೋಗಿ ತಾನು ಅತ್ತದ್ದು, ಇಷ್ಟು ಅವಳಿಗೆ ನೆನಪಿದೆ. ಅಥವಾ ನೆನಪಿದೆ ಅನ್ನಿಸುವಷ್ಟು ಸಲ ಅಮ್ಮ ಹೇಳಿದ್ದಾಳೆ. ಹತ್ತನೆಯ ದಿನ ಜ್ವರ ಬಿಟ್ಟಿತು. ಅಲ್ಲಿಂದಾಚೆಗೆ ಅವಳ ಉಸಿರು ಮೂರು ಬಾಯಿಗಳ ಮೇಲೆ ನಿಂತುಕೊಂಡಿತು. "ಒಲೆಗೆ ಮೂರು ಗುಂಡು ಇದ್ದ ಹಾಗೆ ಕಣೆ" ಎನ್ನುತ್ತಿದ್ದಳು ಅಮ್ಮ, "ಒಂದು ಜರುಗಿದರೂ ಮಡಕೆ ಉರುಳುತ್ತೆ." ಹನ್ನೆರಡನೆಯ ವಯಸ್ಸಿನಲ್ಲಿ ಗೆಳತಿಯ ಮನೆಯಲ್ಲಿ ಬಾಯಿಗೆ ಹಾಕಿಕೊಂಡ ಮಾಂಸದ ಉಂಡೆ ಯಾವುದರದ್ದೆಂದು ಯಾರೋ ಹೇಳಿದ ಕೂಡಲೇ ಎಲ್ಲರೆದುರು ಅಂಗೈಗೆ ಉಗಿದುಕೊಂಡು, ಎಸೆಯಲು ಜಾಗ ಕಾಣದೆ, ಹಾಗೇ ಮುಷ್ಟಿ ಬಿಗಿದು ಸಂಜೆಯವರೆಗೆ ಕೂತಿದ್ದಳು. ಮದುವೆಯ ಮಾರನೆಯ ದಿನ ಅತ್ತೆ, "ನಮ್ಮ ಅಡುಗೆಗೆ ಮೂಗು ಮುರಿಯೋ ಸೊಸೆ" ಎಂದಿದ್ದಳು. ಹರಕೆಯ ವಿಷಯ ಹೇಳಬಹುದಿತ್ತು. ಹೇಳಿದರೆ ತನ್ನ ಪ್ರಾಣದ ಕೀಲಿಕೈ ಇನ್ನೊಬ್ಬರ ಕೈಗೆ ಕೊಟ್ಟಂತಾಗುತ್ತದೆ ಅನ್ನಿಸಿ ಸುಮ್ಮನಿದ್ದಳು.

ಈಗ ನಲವತ್ತೊಂದನೆಯ ವಯಸ್ಸಿನಲ್ಲಿ, ಎಡಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತು ಬರುವ ಹಾಗಾಗಿ, ಅವಳು ರಾಜಧಾನಿಯ ತಲಾತ್ ಫ್ಲೂ ಪೇಟೆಯ ಬಸ್ ನಿಲ್ದಾಣದಲ್ಲಿ ಇಳಿದು ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಂತಿದ್ದಳು. ಮಗಳು ಫ್ರೆವಾ, ನದಿಯ ಆಚೆ ದಡದಲ್ಲಿ, ದಾದಿಯರ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಕೂತಿದ್ದಾಳೆ; ಮೂರು ಗಂಟೆಗೆ ಬಿಡುತ್ತಾರೆ. "ಅಮ್ಮಾ, ಇಲ್ಲೇ ಗೇಟಿನ ಹತ್ರ ಕೂತಿರು, ಎಲ್ಲೂ ಹೋಗಬೇಡ, ಕಳೆದುಹೋಗ್ತೀಯ" ಎಂದು ಹೇಳಿ ಹೋಗಿದ್ದಳು. ಕೂತಿರು ಎಂದ ಜಾಗದಲ್ಲಿ ಬೇರೆ ತಾಯಂದಿರೂ ಇದ್ದರು, ಮಡಿಸುವ ಬೀಸಣಿಗೆ, ಹಣ್ಣಿನ ಡಬ್ಬಿ ತಂದವರು. ಅವರ ನಡುವೆ ಅರ್ಧ ಗಂಟೆ ಕೂತಳು. ಆಮೇಲೆ ಎದ್ದು ಬಸ್ಸು ಹತ್ತಿದಳು. ಕಳೆದ ಮಳೆಗಾಲದಲ್ಲಿ ಆಸ್ಪತ್ರೆಯ ಮಂಚದ ಮೇಲೆ ಅಮ್ಮ, ದಾದಿ ತಂದ ಗಂಜಿಯನ್ನು ಕೂಡ ಯಾವ ಮೂಳೆಯ ಸಾರಿನದೆಂದು ಕೇಳಿ ತಿಳಿದುಕೊಂಡ ಮೇಲೇ ಬಾಯಿ ತೆರೆದ ಅಮ್ಮ, ಹೇಳಿದ್ದು ಇದೊಂದೇ: "ಅಪ್ಪನ್ನ ಹುಡುಕು. ಬಾಯಿ ಕಾಪಾಡಿಕೊಂಡಿದಾನಾ ಅಂತ ಕೇಳು. ಬೇರೇನೂ ಕೇಳಬೇಡ." ಮೂರನೆಯ ದಿನ ಅಮ್ಮನನ್ನು ಸುಟ್ಟರು. ತಲಾತ್ ಫ್ಲೂನಲ್ಲಿ ಅಪ್ಪನ ಶಾವಿಗೆ ಅಂಗಡಿ ಇದೆ ಎಂದು ಊರಿಗೆ ಬಂದುಹೋಗುವವರು ಯಾರೋ ಹೇಳಿದ್ದು ಲಮ್ದುವನ್‌ಗೆ ಗೊತ್ತಿತ್ತು. ಒಬ್ಬರನ್ನು ಕಳಿಸಿದ್ದರೆ ಸುದ್ದಿ ಮುಟ್ಟುತ್ತಿತ್ತು. ಕಳಿಸಲಿಲ್ಲ. ಚಿತಾಗಾರದ ಬಾಗಿಲು ಮುಚ್ಚುವಾಗ, ತನಗೆ ಹತ್ತು ವರ್ಷವಾಗಿದ್ದಾಗ ಕೆಲಸಕ್ಕೆ ಹೋಗಿಬರುತ್ತೇನೆಂದು ಹೋದವನು ಈಗ ಬಂದು ಅಳುವುದು ಬೇಡ ಅನ್ನಿಸಿತ್ತು. ಆಮೇಲಿನ ಎಲ್ಲಾ ತಿಂಗಳೂ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆ ಮಕ್ಕಳ ಅಂಗಿಯ ಎದೆಯ ಮೇಲೆ ನೀಲಿ ದಾರದಲ್ಲಿ ಅವರ ಹೆಸರು ಹೊಲಿಯುವಾಗ, ಸೂಜಿ ಒಂದೊಂದು ಅಕ್ಷರ ಕುಕ್ಕುವಾಗ, ಆ ತೀರ್ಮಾನ ಅವಳನ್ನು ಕುಕ್ಕುತ್ತಿತ್ತು.

ತಿಂಡಿ ಅಂಗಡಿಗಳ ಓಣಿ ಅಷ್ಟು ಹತ್ತಿರದಲ್ಲೇ ಶುರುವಾಗುತ್ತದೆಂದು ಅವಳು ತಿಳಿದಿರಲಿಲ್ಲ. ಮೇಲುಸೇತುವೆಯ ನೆರಳಿಗೆ ಕಾಲಿಟ್ಟದ್ದೇ ಎಣ್ಣೆಯ ಚುರ್ ಎಂಬ ಸದ್ದು ಎರಡೂ ಕಿವಿಗೆ ಒಟ್ಟಿಗೆ ಹೊಡೆಯಿತು. ಸೊಪ್ಪಿನ ಕಡುಬುಗಳನ್ನು ಮಗುಚುತ್ತಿದ್ದ ಚಪ್ಪಟೆ ಕಾವಲಿ, ಕೊಂಡಿಗೆ ಕತ್ತು ಸಿಕ್ಕಿಸಿ ನೇತುಹಾಕಿದ ಬಾತುಕೋಳಿಗಳು, ಬಿಳಿ ಬಟ್ಟಲುಗಳ ಮೇಲೆ ಏರುತ್ತಿದ್ದ ಹಬೆ, ಇವುಗಳ ನಡುವೆ ಎರಡಾಳು ನಡೆಯುವಷ್ಟು ದಾರಿ, ಅದರಲ್ಲೇ ಸ್ಕೂಟರುಗಳು. ಹಿಂದಿನಿಂದ ಹಾರನ್ ಕೇಳಿದ ಕೂಡಲೇ ಅವಳು ತಿರುಗಿ ಕೈಮುಗಿದಳು. ಸ್ಕೂಟರಿನವಳು ನಕ್ಕು, "ಕೈ ಮುಗೀಬೇಡಿ ಅಕ್ಕಾ, ದಾರಿ ಬಿಡಿ ಸಾಕು" ಎಂದಳು. ಸುತ್ತ ಕೂತು ಉಣ್ಣುತ್ತಿದ್ದವರು ತಲೆ ಎತ್ತಿದಂತೆ ಅವಳಿಗೆ ಅನ್ನಿಸಿತು. ಯಾರೂ ಎತ್ತಿರಲಿಲ್ಲ, ಎಲ್ಲರೂ ಬಟ್ಟಲಿಗೆ ಬಗ್ಗಿ ಉಣ್ಣುವುದರಲ್ಲೇ ಇದ್ದರು. ಆ ಏಕಾಗ್ರತೆಯೇ ಅವಳಿಗೆ ಆಘಾತವಾಯಿತು. ಅವರ ಊರಿನಲ್ಲೂ ಸಂತೆಯಿದೆ, ಶಾವಿಗೆಯಿದೆ, ಬಾತುಕೋಳಿಯಿದೆ. ಆದರೆ ಅಲ್ಲಿ ಜನ ಮಾತಿನ ನಡುವೆ ಉಣ್ಣುತ್ತಾರೆ. ಇಲ್ಲಿ ಕಚೇರಿಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಹುಡುಗಿಯರು, ಬೆವರು ಒರೆಸಿಕೊಳ್ಳುವ ದಪ್ಪ ಗಂಡಸರು, ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದ ಮೇಲಿಟ್ಟ ಯಾರೋ ಒಬ್ಬ ಮುದುಕಿ, ಎಲ್ಲರೂ ಬಾಯಿಗಳಾಗಿದ್ದರು. ಬರೀ ಬಾಯಿಗಳು. ತನ್ನ ಜೀವಮಾನವೆಲ್ಲ ಮೂರು ಬಾಯಿಗಳನ್ನು ಕಾಯುವುದರಲ್ಲಿ ಕಳೆದವಳಿಗೆ, ಯಾರ ಕಾವಲೂ ಇಲ್ಲದೆ ತೆರೆದು ಮುಚ್ಚುವ ಇಷ್ಟೊಂದು ಬಾಯಿಗಳು ನಾಚಿಕೆಗೆಟ್ಟ ಹಾಗೆ ಕಂಡವು. ಹಾಗೆ ಕಂಡದ್ದಕ್ಕೆ ಮರುಕ್ಷಣ ತನಗೇ ನಾಚಿಕೆಯಾಯಿತು, ಏಕೆಂದರೆ ಅವಳಿಗೆ ಹಸಿವಾಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ರೈಲು ಹತ್ತಿದವಳು ಮಗಳಿಗೆ ಅಂಟಕ್ಕಿಯ ಉಂಡೆ ಕೊಟ್ಟು ತಾನು ನೀರು ಕುಡಿದಿದ್ದಳು.

ಕಂಡ ಮೊದಲ ಸ್ಟೂಲಿನ ಮೇಲೆ ಕೂತಳು. ಕೂತದ್ದೇ ತಡ, ಎದುರಿನಿಂದ ಒಂದು ಹೆಣ್ಣುದನಿ ಬಂತು. "ಅಕ್ಕಾ, ಕೆಂಪು ಸ್ಟೂಲು ಬಾತುಕೋಳಿಯವರದು. ಅಲ್ಲಿ ಕೂತರೆ ಬಾತುಕೋಳಿನೇ ತಿನ್ನಬೇಕು. ನೀಲಿ ಪಕ್ಕದ ಅಂಗಡಿ ಅಣ್ಣಂದು. ಬಿಳಿದು ನಂದು, ಆದರೆ ಅದರ ಒಂದು ಕಾಲು ಮುರಿದಿದೆ, ಸಣ್ಣಗಿರೋರು ಮಾತ್ರ ಕೂರಬಹುದು." ಹೇಳಿದವಳು ಗುಳಿ ಗುಳಿಯ ಕಬ್ಬಿಣದ ಕಾವಲಿಗೆ ತೆಂಗಿನ ಹಾಲಿನ ಹಿಟ್ಟು ಹೊಯ್ಯುತ್ತಿದ್ದ ಅರವತ್ತರ ಹೆಂಗಸು, ಗುಳಿಯಪ್ಪಗಳ ಅಂಚು ಗರಿಗರಿಯಾಗುವುದನ್ನು ನೋಡುತ್ತಲೇ ಓಣಿಯನ್ನೆಲ್ಲ ಆಳುತ್ತಿದ್ದ ಹಾಗಿದ್ದಳು. ಲಮ್ದುವನ್ ದಡಬಡಿಸಿ ಎದ್ದಳು. ಕ್ಷಮೆ ಕೇಳುವಷ್ಟರಲ್ಲಿ ಆ ಹೆಂಗಸು ಬೇರೆ ಯಾರಿಗೋ, "ಬೂನ್‌ತುಂಗೆ ಹತ್ತು ಕೈ ಇದೆ ಅಂದ್ಕೊಂಡ್ಯಾ, ನಿಂತ್ಕೋ" ಎನ್ನುತ್ತಿದ್ದಳು. ಹೆಸರು ಬೂನ್‌ತುಂ ಅಂತಾಯಿತು. ಹೆಸರು ಗೊತ್ತಾದರೆ ಲಮ್ದುವನ್‌ಗೆ ಧೈರ್ಯ ಬರುತ್ತದೆ, ನೀಲಿ ದಾರದಲ್ಲಿ ಎದೆಯ ಮೇಲೆ ಹೊಲಿದ ಹಾಗೆ.

"ಬೂನ್‌ತುಂ ಅಕ್ಕಾ, ಇಲ್ಲಿ ಹೆಂಗ್ ಅನ್ನೋ ಹೆಸರಿನವರು ಒಬ್ಬರು ಇದಾರಂತೆ. ಪಾಕ್‌ನಾಂಫೋ ಕಡೆಯವರು. ಶಾವಿಗೆ ಅಂಗಡಿ" ಎಂದು ಅಪ್ಪನ ಹೆಸರು ಹೇಳಿ ಕೇಳಿದಳು.

ಬೂನ್‌ತುಂ ಸೌಟು ನಿಲ್ಲಿಸದೆ ಗದ್ದವನ್ನು ಎಡಕ್ಕೆ ತಿರುಗಿಸಿದಳು. "ಅವನ ಮೂಗಿನ ಕೆಳಗೇ ನಿಂತುಕೊಂಡು ನನ್ನ ಕೇಳ್ತಿದೀರಲ್ಲ. ಆ ಪಾತ್ರೆ ಹಿಂದೆ ಇರೋನೇ."

ಪಾತ್ರೆಯನ್ನು ಅವಳು ಆಗಲೇ ನೋಡಿದ್ದಳು. ಅದರ ವಾಸನೆಗೆ ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದಳು. ಎರಡು ತೋಳು ಚಾಚಿದರೂ ತಬ್ಬಿಕೊಳ್ಳಲಾಗದಷ್ಟು ಅಗಲ, ಬಾಯಿಯ ಸುತ್ತ ಬತ್ತಿದ ಸಾರು ವರ್ಷವರ್ಷವೂ ಪದರಗಟ್ಟಿ ಬಾವಿಕಟ್ಟೆಯ ಹಾಗೆ ಕಪ್ಪಗೆ ಎದ್ದಿತ್ತು. ಒಳಗೆ ಚಕ್ಕೆ, ಚಕ್ರಮೊಗ್ಗುಗಳ ಜೊತೆ ದನದ ಮಾಂಸದ ತುಂಡುಗಳು, ನರ, ಕರುಳು, ನಿಧಾನವಾಗಿ ಮೇಲೆ ಬಂದು ಮತ್ತೆ ಮುಳುಗುತ್ತಿದ್ದವು. ಇಂಥ ಪಾತ್ರೆಗಳ ವಿಷಯ ಅವಳಿಗೆ ಗೊತ್ತಿತ್ತು. ಇವನ್ನು ಬರಿದು ಮಾಡುವುದಿಲ್ಲ. ಅಂಗಡಿ ಮುಚ್ಚುವಾಗ ಉಳಿದ ಸಾರನ್ನು ಎತ್ತಿಟ್ಟು, ಬೆಳಿಗ್ಗೆ ಅದಕ್ಕೇ ಹೊಸ ನೀರು, ಹೊಸ ಮಾಂಸ. ಹೆಪ್ಪಿನಿಂದ ಹೆಪ್ಪು ಬೆಳೆದ ಹಾಗೆ ನಿನ್ನೆಯದು ಇವತ್ತಿನದರೊಳಗೆ ಇರುತ್ತದೆ, ಮೊನ್ನೆಯದು ನಿನ್ನೆಯದರೊಳಗೆ. ಪಾತ್ರೆಯ ಮೇಲಿನ ತಗಡಿನಲ್ಲಿ ಕೆಂಪು ಬಣ್ಣದಲ್ಲಿ ಬರೆದಿತ್ತು, ಇಪ್ಪತ್ತೊಂಬತ್ತು ವರ್ಷದ ಸಾರು ಎಂದು. ಇಪ್ಪತ್ತೊಂಬತ್ತನ್ನು ನಲವತ್ತೊಂದರಿಂದ ಕಳೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ತಾನು ಮಾಂಸದ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತ ವರ್ಷ. ಬೆರಳ ಸಂದಿಯಿಂದ ಜಿಡ್ಡು ಇಳಿದು ಲಂಗದ ಮೇಲೆ ಕಲೆಯಾಗಿ, ಅಮ್ಮ ಆ ಲಂಗವನ್ನು ಒಗೆಯದೆ ಸುಟ್ಟಿದ್ದಳು. ಆ ವರ್ಷದ ಒಂದು ಹನಿ ಈ ಪಾತ್ರೆಯ ತಳದಲ್ಲಿ ಇನ್ನೂ ಕುದಿಯುತ್ತಿದೆ. ಹಿಂದೆ ನಿಂತ ಮುದುಕನ ಕತ್ತು ಬಡಕಲಾಗಿದೆ, ಕೂದಲು ಪೂರಾ ಬೆಳ್ಳಗೆ. ಕಿವಿ ಮಾತ್ರ ಅಪ್ಪನದೇ, ತಲೆಗೆ ಆಮೇಲೆ ಅಂಟಿಸಿದ ಹಾಗೆ ಎದ್ದ ಕಿವಿ. ಅದೇ ಕಿವಿ ಫ್ರೆವಾಳಿಗೂ ಇದೆ. ಪರೀಕ್ಷೆಗೆಂದು ಇವತ್ತು ಕೂದಲು ಎಳೆದು ಕಟ್ಟಿಕೊಂಡಾಗ ಎದ್ದು ಕಂಡಿತ್ತು.

ಕೇಳುವುದೇನು ಉಳಿದಿದೆ. ಅಮ್ಮ ಗಂಜಿಗೂ ಯಾವ ಮೂಳೆಯದೆಂದು ಕೇಳುತ್ತಿದ್ದಾಗ ಇವನು ಇದನ್ನು ಸೌಟಿನಲ್ಲಿ ಬಡಿಸುತ್ತಿದ್ದ.

"ಏನ್ ಹಾಕ್ಲಿ ಮಗಳೇ?" ಎಂದ ಮುದುಕ.

ಗುರುತು ಹಿಡಿದ. ಮೂವತ್ತೊಂದು ವರ್ಷವಾದ ಮೇಲೂ ಒಂದೇ ನೋಟಕ್ಕೆ ಗುರುತು ಹಿಡಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಅವಳ ಹೆಗಲ ಮೇಲಿಂದ ಇನ್ನೊಬ್ಬನನ್ನು ನೋಡಿ, "ನಿನಗೇನು ಮಗನೇ, ಸಣ್ಣ ಶಾವಿಗೆನಾ, ಅಗಲದ್ದಾ?" ಎಂದು ಕೇಳಿದ. ಆಮೇಲೆ ಮತ್ತೊಬ್ಬಳಿಗೆ, "ಕರುಳು ಬೇಡ ತಾನೆ ಮಗಳೇ, ನೆನಪಿದೆ." ವಯಸ್ಸಾದ ಎಲ್ಲ ಅಂಗಡಿಯವರೂ ಹೀಗೇ ಕರೆಯುವುದು. ಅವಳ ಊರಿನಲ್ಲೂ ಹೀಗೇ. ಅಂಗಿಗೆ ಹೆಸರು ಹೊಲಿಸಲು ಬರುವ ಮಕ್ಕಳನ್ನು ಅವಳೂ ಮಗನೇ ಮಗಳೇ ಎಂದೇ ಕರೆಯುತ್ತಾಳೆ. ಗೊತ್ತಿದ್ದೂ ಮೋಸಹೋದದ್ದಕ್ಕೆ ಕಿವಿ ಬಿಸಿಯಾಯಿತು. ಓಣಿಯ ಬಾಯಿಗಳಿಗೆಲ್ಲ ಹಂಚಿ ಮಿಕ್ಕ ಒಂದು ಮಗಳೇ ತನಗೂ ಸಿಕ್ಕಿತ್ತು.

"ಎಲ್ಲಾ ಹಾಕಿ" ಎಂದಳು. ದನಿ ತನ್ನದಲ್ಲ ಅನ್ನಿಸಿತು. ನೀಲಿ ಸ್ಟೂಲಿನ ಮೇಲೆ ಕೂತಳು.

ಬಟ್ಟಲು ಬಂದಿತು. ಅವನೇ ತಂದಿಟ್ಟ. ಅವನ ಹೆಬ್ಬೆರಳಿನ ಉಗುರು ಬಟ್ಟಲಿನ ಅಂಚಿನ ಹತ್ತಿರ ಒಂದು ಕ್ಷಣ ನಿಂತು ಹೋಯಿತು. ಆ ಹೆಬ್ಬೆರಳೇ ತನ್ನ ಹಣೆಯ ಬಿಸಿ ನೋಡುತ್ತಿದ್ದದ್ದು. ಅವಳು ಮೇಜಿನ ಮೇಲಿದ್ದ ನಾಲ್ಕು ಡಬ್ಬಿಗಳಲ್ಲಿ ಯಾವುದನ್ನೂ ಮುಟ್ಟಲಿಲ್ಲ, ಸಕ್ಕರೆಯನ್ನಾಗಲಿ ಖಾರದಪುಡಿಯನ್ನಾಗಲಿ. ನೋಡುತ್ತ ಕೂತಳು. ಮೂರು ಗುಂಡುಗಳಲ್ಲಿ ಒಂದು ಬೂದಿಯಾಗಿದೆ. ಒಂದು ಇಪ್ಪತ್ತೊಂಬತ್ತು ವರ್ಷದ ಹಿಂದೆಯೇ ಜರುಗಿದೆ. ಹಾಗಾದರೆ ಇಷ್ಟು ವರ್ಷ ಮಡಕೆಯನ್ನು ಹಿಡಿದು ನಿಂತದ್ದು ಏನು? ಯಾರ ಬಾಯಿಯೂ ಕಾಯದೆ, ಯಾವ ದೇವಿಯೂ ಲೆಕ್ಕಕ್ಕಿಟ್ಟುಕೊಳ್ಳದೆ, ತಾನು ಸುಮ್ಮನೆ ಬದುಕಿದ್ದಳೆ? ಮುಷ್ಟಿ ಬಿಗಿದ ಆ ಮಧ್ಯಾಹ್ನ, ಅತ್ತೆಯ ಮಾತು, ಕೇಳಿಕೇಳಿ ನಿಲ್ಲಿಸಿದ ಗಂಡ, ಅಮ್ಮನ ಬೇರೆ ಸೌಟು, ಬೇರೆ ಚಾಕು, ಎಲ್ಲ ಯಾವುದಕ್ಕೆ? ಕೋಪ ಬಂದರೆ ಚೆನ್ನಾಗಿತ್ತು. ಬಂದದ್ದು ಹಸಿವು. ಬಾಯಲ್ಲಿ ನೀರೂರಿತು, ನಾಯಿಗೆ ಊರುವ ಹಾಗೆ, ಅವಳನ್ನು ಕೇಳದೆ. ಉಣ್ಣುವ ಕಡ್ಡಿಗಳಲ್ಲಿ ಒಂದು ತುಂಡು ಎತ್ತಿ ಬಾಯಿಗಿಟ್ಟುಕೊಂಡಳು.

ಏನೂ ಆಗಲಿಲ್ಲ. ಮಾಂಸ ನಾಲಿಗೆಯ ಮೇಲೆ ಎಳೆಎಳೆಯಾಗಿ ಬಿಚ್ಚಿಕೊಂಡಿತು. ಅಷ್ಟು ರುಚಿಯಾಗಿರುತ್ತದೆಂದು ಯಾರೂ ಹೇಳಿರಲಿಲ್ಲ. ಓಣಿಯ ಪಕ್ಕದ ಹಳಿಯ ಮೇಲೆ ಮಧ್ಯಾಹ್ನದ ರೈಲು ಕೂಗುತ್ತ ಬಂತು, ಮೇಜುಗಳು ನಡುಗಿದವು, ಯಾರೂ ತಲೆ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಎರಡನೆಯ ತುಂಡು, ಮೂರನೆಯದು. ಸಾರನ್ನು ಚಮಚದಲ್ಲಿ ಕುಡಿದಳು. ತಾನೂ ಬಗ್ಗಿ ಬರೀ ಬಾಯಾಗಿದ್ದೇನೆಂದು ಹೊಳೆದಾಗ ಬಟ್ಟಲು ಅರ್ಧ ಖಾಲಿಯಾಗಿತ್ತು.

"ಉಪ್ಪು ಸರಿ ಇದೆಯಾ ಮಗಳೇ?" ಅವನು ಪಾತ್ರೆಯ ಹಿಂದಿನಿಂದಲೇ ಕೇಳಿದ. ಎಲ್ಲರನ್ನೂ ಇದನ್ನೇ ಕೇಳುತ್ತಿದ್ದ. ಕೇಳಿ, ಉತ್ತರಕ್ಕಿಂತ ಮುಖವನ್ನು ನೋಡುತ್ತಿದ್ದ, ಕಿವುಡರು ತುಟಿ ನೋಡುವ ಹಾಗೆ.

"ಸರಿ ಇದೆ."

"ಇಲ್ಲ, ಬೆಳಿಗ್ಗೆಯಿಂದ ಯಾಕೋ ಜನ ಉಪ್ಪುನೀರಿನ ಶೀಸೆಗೆ ಕೈ ಹಾಕ್ತಿದಾರೆ" ಎಂದು ಅವನು ಹೊಸ ಮಾಂಸದ ತಟ್ಟೆಯನ್ನು ಪಾತ್ರೆಗೆ ಸುರಿದು, ನೀರು ಬೆರೆಸಿ, ಹಬೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿ ಮೂಸಿದ. ಆಮೇಲೆ ಕೂಗಿದ. "ಬೂನ್‌ತುಂ. ಬಾರೆ, ನಾಲಿಗೆ ತಗೊಂಡು ಬಾ."

"ನನ್ನ ನಾಲಿಗೆಗೆ ಬಾಡಿಗೆ ಕೊಟ್ಟೋರ ಹಾಗೆ ಕರೀತಾನೆ ನೋಡಿ" ಎನ್ನುತ್ತ ಬೂನ್‌ತುಂ ಸೊಂಟದ ಮುಂದೆ ಕಟ್ಟಿಕೊಂಡ ಬಟ್ಟೆಗೆ ಕೈ ಒರೆಸುತ್ತ ಬಂದಳು. ಅವನು ಸೌಟಿನಲ್ಲಿ ಸಾರು ಹಿಡಿದ. ಅವಳು ಊದಿ, ಹೀರಿ, ಚಪ್ಪರಿಸಿ, ಆಕಾಶ ನೋಡಿ ಹೇಳಿದಳು. "ಉಪ್ಪುನೀರು ಇನ್ನೊಂದು ಸೌಟು. ಸಿಹಿ ಸಾಕು."

ಪಕ್ಕದ ಮೇಜಿನ ದಪ್ಪ ಗಂಡಸು, ಅವನೂ ಹೊಸಬನೇ ಇರಬೇಕು, ನಕ್ಕ. "ಯಾಕೆ ತಾತ, ನಿಮ್ಮ ನಾಲಿಗೆ ಎಲ್ಲಿ ಅಡ ಇಟ್ಟಿದೀರ?"

ಮುದುಕ ಸೌಟಿನಲ್ಲಿ ಉಪ್ಪುನೀರು ಅಳೆಯುತ್ತಿದ್ದ. ಉತ್ತರ ಬೂನ್‌ತುಂ ಕೊಟ್ಟಳು. "ಅವನ ನಾಲಿಗೆ ಕುವಾನ್ ಇಮ್ ತಾಯಿ ಹತ್ರ ಇದೆ. ಹಂದಿ ಅಂಗಡಿಲಿ ಕೆಲಸ ಹುಡುಕ್ತಾ ಬಂದೋನು, ದನದ ಅಂಗಡಿಲಿ ಸಿಕ್ತು. ಆ ಯಜಮಾನ ಸಾಯೋವಾಗ ಪಾತ್ರೆ ಇವನ ಕುತ್ತಿಗೆಗೆ ಕಟ್ಟಿ ಹೋದ. ಇವನು ಈ ಸಾರು ಶುರು ಮಾಡಿ ಇಪ್ಪತ್ತೊಂಬತ್ತು ವರ್ಷ ಆಯ್ತು, ಒಂದು ಹನಿ ಬಾಯಿಗೆ ಬಿಟ್ಟಿಲ್ಲ ಈ ಮುದುಕ. ಬೆರಳಿಗೆ ತಾಗಿದರೆ ಸೋಪು ಹಾಕ್ಕೊಂಡು ತೊಳೀತಾನೆ. ನನ್ನ ಗುಳಿಯಪ್ಪ ತಿಂದೇ ಬದುಕಿರೋದು. ಊರಲ್ಲಿ ಮಗಳು ಇದಾಳಂತೆ, ಅವಳ ಜೀವಕ್ಕೆ ಹರಕೆ ಹೊತ್ತಿದಾನಂತೆ."

"ಮಾರಬಹುದು, ತಿನ್ನಬಾರದಾ?" ಎಂದ ದಪ್ಪನೆಯವನು. "ಚೆನ್ನಾಗಿದೆ."

"ಬಾಯಿ ಅಂತ ಹೇಳಿದ್ದೆ" ಎಂದ ಮುದುಕ, ಪಾತ್ರೆ ತಿರುವುತ್ತಲೇ, ಎಷ್ಟೋ ಸಲ ಇದೇ ಗೇಲಿಗೆ ಇದೇ ಉತ್ತರ ಕೊಟ್ಟವನ ಸುಸ್ತಿನಲ್ಲಿ. "ಕೈ ಅಂತ ಹೇಳಿರಲಿಲ್ಲ. ಅದಕ್ಕೇ ಊರಿಗೆ ಹೋಗಲಿಲ್ಲ. ಈ ವಾಸನೆ ಹೊತ್ಕೊಂಡು ಆ ಮನೆ ಒಳಗೆ ಹೆಂಗೆ ಹೋಗಲಿ."

ಲಮ್ದುವನ್‌ಳ ಬಾಯಲ್ಲಿ ಒಂದು ತುಂಡು ಇತ್ತು. ಅಗಿಯುವುದು ನಿಂತಿತು. ಅಂಗೈ ತಾನಾಗಿಯೇ ಗದ್ದದ ಕೆಳಗೆ ಬಂತು, ಉಗಿಯಬಹುದಿತ್ತು. ಇದೊಂದನ್ನು ಉಗಿದರೂ ಒಳಗೆ ಹೋದ ಅರ್ಧ ಬಟ್ಟಲು ಒಳಗೇ ಇರುತ್ತದೆ. ಸುತ್ತಲಿನ ಸದ್ದೆಲ್ಲ ಹತ್ತಿಯಲ್ಲಿ ಸುತ್ತಿಟ್ಟ ಹಾಗಾಯಿತು. ಕೇಳು ಎಂದಿದ್ದಳು ಅಮ್ಮ. ಒಂದೇ ಮಾತು ಕೇಳು ಎಂದಿದ್ದಳು. ಕೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು, ಒಂದು ಬಟ್ಟಲು ಬರುವಷ್ಟು ಹೊತ್ತೂ ಬೇಕಿರಲಿಲ್ಲ. ತನಗೆ ಉತ್ತರ ಕಣ್ಣೆದುರು ಕಂಡಿತ್ತು, ಅದಕ್ಕೇ ಕೇಳಲಿಲ್ಲ. ಅಥವಾ ಕೇಳಬಾರದೆಂದೇ ಇಲ್ಲಿಗೆ ಬಂದಿದ್ದಳೆ, ಚಿತೆಗೆ ಕರೆಯದ ಹಾಗೆ ಉತ್ತರ ಹೇಳುವ ಅವಕಾಶವನ್ನೂ ಅವನಿಗೆ ಕೊಡಬಾರದೆಂದೇ? ಅವಳು ನುಂಗಿದಳು.

"ಅಪ್ಪ" ಎಂದಳು.

ಓಣಿಯಲ್ಲಿ ಅಪ್ಪ ಎಂಬುದಕ್ಕೆ ತಿರುಗಿ ನೋಡುವವರು ಬಹಳ ಜನ. ಅವನು ಮಾತ್ರ ತಿರುಗಲಿಲ್ಲ. ಸೌಟು ನಿಂತಿತು. ಅದನ್ನು ಪಾತ್ರೆಯ ಅಂಚಿಗೆ ಒರಗಿಸಿ, ಬೆಂಕಿ ತಗ್ಗಿಸಿ, ಅವಳ ಮೇಜಿನ ಹತ್ತಿರ ಬಂದು ನಿಂತ. ಮುಖ ನೋಡಿದ. ಆಮೇಲೆ ಬಟ್ಟಲು ನೋಡಿದ. ಮುದುಕರ ಮುಖದಲ್ಲಿ ರಕ್ತ ಇಳಿಯುವುದು ಅಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಲಮ್ದುವನ್?"

"ಹೂಂ."

"ಅಮ್ಮ?"

"ಹೋದ ಮಳೆಗಾಲದಲ್ಲಿ ಹೋದಳು. ನಿಮಗೆ ಹೇಳಿಕಳಿಸಬಹುದಿತ್ತು. ನಾನು ಕಳಿಸಲಿಲ್ಲ."

ಅವನು ಎದುರಿನ ಸ್ಟೂಲಿನ ಮೇಲೆ ಕೂತ. ಹಿಂದೆ ಯಾರೋ, "ತಾತ, ನನ್ನ ಅಗಲದ ಶಾವಿಗೆ" ಎಂದರು. ಬೂನ್‌ತುಂ ಅವರನ್ನು ಕೈಸನ್ನೆಯಲ್ಲಿ ಸುಮ್ಮನಾಗಿಸಿದಳು.

"ಅವಳು ಕೊನೇ ತನಕ..." ಎಂದ.

"ಮುಟ್ಟಲಿಲ್ಲ."

"ನೀನು?"

"ಇವತ್ತಿನ ತನಕ."

ಅವನು ತಲೆಯಾಡಿಸಿದ, ಅಂಗಡಿಯಲ್ಲಿ ಯಾರೋ ಸಣ್ಣ ಶಾವಿಗೆ ಎಂದಾಗ ಆಡಿಸುವ ಹಾಗೆ. ಕೈಗಳು ಮೇಜಿನ ಮೇಲೆ ಸುಮ್ಮನಿದ್ದವು, ಚರ್ಮ ಬಿಸಿನೀರಿಗೆ ಬೆಂದು ಬೆಂದು ಬಿಳಿಚಿತ್ತು. ಅವಳು ಹೇಳಬೇಕೆಂದಿದ್ದಳು, ನೀವೂ ತಿನ್ನುತ್ತೀರೆಂದು ತಿಳಿದುಕೊಂಡೆ, ನನ್ನನ್ನು ಗುರುತು ಹಿಡಿಯಲಿಲ್ಲ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮೂರೂ ನಿಜ, ಮೂರೂ ಸಾಲದು. "ನನಗೊಬ್ಬಳು ಮಗಳಿದಾಳೆ" ಎಂದಳು, ಯಾಕೆ ಅದನ್ನೇ ಹೇಳಿದಳೋ. "ಪರೀಕ್ಷೆ ಬರೀತಿದಾಳೆ. ಮೂರು ಗಂಟೆಗೆ ಬಿಡ್ತಾರೆ."

ಅವನು ಅವಳ ಮುಂದಿದ್ದ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡ. ಅವಳ ಕೈಯಿಂದ ಕಡ್ಡಿಗಳನ್ನು ಬಿಡಿಸಿಕೊಂಡ. ಅವಳಿಗೆ ಅರ್ಥವಾಗುವ ಮೊದಲೇ ಬೂನ್‌ತುಂಗೆ ಅರ್ಥವಾಯಿತು.

"ಹೆಂಗ್ ಅಣ್ಣ. ಅದು ದನದ್ದು."

"ಗೊತ್ತು. ನಾನೇ ಬೇಯಿಸಿದ್ದು."

"ಬೇಡ ಅಣ್ಣ. ಇಷ್ಟು ವರ್ಷ ಆದಮೇಲೆ."

"ಮಾತು ಕೊಟ್ಟಿದ್ದು ನಾನು. ಇವಳಲ್ಲ. ಇವಳಿಗೆ ಆಗ ಜ್ವರ, ಕಣ್ಣು ಬಿಡೋಕೂ ಆಗ್ತಿರಲಿಲ್ಲ" ಎಂದ ಅವನು, ಬೂನ್‌ತುಂಗೋ ಇನ್ನಾರಿಗೋ ವಿವರಿಸುವ ಹಾಗೆ. "ಮುರಿದದ್ದರ ಫಲ ಮಾತು ಕೊಟ್ಟವನ ಮೇಲೆ ಬರಲಿ."

ಒಂದು ತುಂಡನ್ನು ಎತ್ತಿ ಬಾಯಿಗಿಟ್ಟುಕೊಂಡ. ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ ತಳ್ಳಿಕೊಂಡು ನಿಧಾನವಾಗಿ ಅಗಿದ. ಲಮ್ದುವನ್ ಅವನ ಮುಖ ನೋಡಬಾರದೆಂದುಕೊಂಡು ನೋಡುತ್ತಲೇ ಇದ್ದಳು. ಗಂಟಲ ಗಂಟು ಮೇಲೆ ಹೋಯಿತು, ಕೆಳಗೆ ಬಂತು. ಅವನು ಇನ್ನೊಂದು ತುಂಡು ಎತ್ತಿದ, ಆಮೇಲೆ ಕರುಳು, ಆಮೇಲೆ ಶಾವಿಗೆ, ಕೊನೆಗೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಸಾರು ಕುಡಿದು ಖಾಲಿ ಬಟ್ಟಲನ್ನು ಮೇಜಿನ ಮೇಲಿಟ್ಟ. ಅಗಲದ ಶಾವಿಗೆಯವರು ಕಾಯುತ್ತ ನಿಂತಿದ್ದರು.

ಹರಕೆ ಮುರಿಯಿತು. ಮೊದಲು ಮುರಿದದ್ದು ಮಗಳು, ಆಮೇಲೆ ಅಪ್ಪ.